ಸೋತ ಪಕ್ಷಕ್ಕೆ ಹೊಸ ನಾಯಕ ಯಾರು? ಬ್ರಿಟನ್ನಿನ ಲೇಬರ್ ಪಕ್ಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇರುವುದು ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ. ಒಂದು ಕಾಲದಲ್ಲಿ ಕಲ್ಲಿದ್ದಲ ಗಣಿಯನ್ನೇ ನಂಬಿಕೊಂಡಿದ್ದ ಊರು ಇದು. ನಾನು ಲೇಬರ್ ಪಕ್ಷದ ಸದಸ್ಯ. ಪದಾಧಿಕಾರಿ ಅಲ್ಲ, ಕರಪತ್ರ ಹಂಚುವ, ಮನೆ ಮನೆಗೆ ಹೋಗಿ ಬಾಗಿಲು ತಟ್ಟುವ ಕಾರ್ಯಕರ್ತ ಅಷ್ಟೇ. ರಜೆಗೆ ಊರಿಗೆ ಬಂದಾಗ ಮಾವಂದಿರು ಕೇಳುತ್ತಾರೆ, ಇಲ್ಲಿ ಯುಗಾದಿ ಊಟಕ್ಕೆ ಸೇರಿದಾಗ ಹೊಸದಾಗಿ ಬಂದ ಹುಡುಗರು ಕೇಳುತ್ತಾರೆ: ಆ ಪಕ್ಷದಲ್ಲಿ ನಾಯಕನನ್ನು ಹೇಗೆ ಆರಿಸುತ್ತಾರೆ, ಯಾಕೆ ಅಷ್ಟೊಂದು ಜಗಳ, ನಮಗೂ ಅದಕ್ಕೂ ಏನು ಸಂಬಂಧ? ಪ್ರತಿ ಸಲ ಬಾಯಲ್ಲಿ ಹೇಳುವುದಕ್ಕಿಂತ ಬರೆದಿಡುವುದು ವಾಸಿ ಅನ್ನಿಸಿತು. ಜಾಸ್ತಿ ಮಾತು 2020ರ ಆಯ್ಕೆಯ ಬಗ್ಗೆಯೇ ಇದೆ. ಅದನ್ನು ನಾನು ಒಳಗಿನಿಂದ ನೋಡಿದ್ದೇನೆ.

2019ರಲ್ಲಿ ಅಂಥದ್ದೇನಾಯಿತು?

2019ರ ಡಿಸೆಂಬರ್ 12ರಂದು ಚುನಾವಣೆ. ಲೇಬರ್‌ಗೆ ಬಂದದ್ದು 202 ಸೀಟು. 1935ರ ನಂತರ ಇಷ್ಟು ಕಡಿಮೆ ಸೀಟು ಯಾವತ್ತೂ ಬಂದಿರಲಿಲ್ಲ. ಬಹುಮತಕ್ಕೆ 326 ಬೇಕು, ಅಂದರೆ ಇನ್ನೂ 124 ಕಮ್ಮಿ.

ಸಂಖ್ಯೆಗಿಂತ ಜಾಸ್ತಿ ನೋವು ಕೊಟ್ಟದ್ದು ಸೋತ ಊರುಗಳ ಹೆಸರು. ಬ್ಲೈಥ್ ವ್ಯಾಲಿ ಹೋಯಿತು. ಹಿಂದೆ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಗೆಲ್ಲುತ್ತಿದ್ದ ಸೆಜ್‌ಫೀಲ್ಡ್ ಹೋಯಿತು. ಬೋಲ್ಸೋವರ್‌ನಲ್ಲಿ 1970ರಿಂದ ಸಂಸದರಾಗಿದ್ದ, ತಾವೂ ಗಣಿ ಕಾರ್ಮಿಕರಾಗಿದ್ದ ಡೆನ್ನಿಸ್ ಸ್ಕಿನ್ನರ್ ಸೋತರು. ಅಜ್ಜನ ಕಾಲದಿಂದ ಲೇಬರ್‌ಗೇ ಹಾಕುತ್ತಿದ್ದ ಮನೆಗಳು ಇವು. ಆ ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಮೇಲೆ ಮಳೆ. ಒಂದು ಬಾಗಿಲಲ್ಲಿ ವಯಸ್ಸಾದವರೊಬ್ಬರು ನನ್ನ ಕೈಯಿಂದ ಕರಪತ್ರ ತೆಗೆದುಕೊಂಡರು, ಓದಿದರು, ಮಡಚಿ ವಾಪಸ್ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ನಾಲ್ಕು ಮಾತಾದರೂ ಆಡಬಹುದಿತ್ತು. 2017ರಲ್ಲಿ ಲೇಬರ್‌ಗೆ ಹೆಚ್ಚುಕಮ್ಮಿ 1 ಕೋಟಿ 28 ಲಕ್ಷ ಮತ ಬಂದಿತ್ತು, 2019ರಲ್ಲಿ ಅದು 1 ಕೋಟಿ 2 ಲಕ್ಷದ ಆಸುಪಾಸಿಗೆ ಇಳಿಯಿತು. ಸುಮಾರು 26 ಲಕ್ಷ ಮತ ಕಮ್ಮಿ. ಮುಂದೆ ನಾನು ಹೇಳುವುದೆಲ್ಲ ಸುತ್ತಿ ಬಳಸಿ ಈ 26 ಲಕ್ಷದ ಬಗ್ಗೆಯೇ.

ಅವತ್ತಿನ ನಾಯಕ ಜೆರೆಮಿ ಕಾರ್ಬಿನ್ ಮುಂದಿನ ಚುನಾವಣೆಗೆ ತಾನು ಇರುವುದಿಲ್ಲ ಎಂದು ಅದೇ ರಾತ್ರಿ ಹೇಳಿದರು.

ನಾಯಕನನ್ನು ಆರಿಸುವುದು ಯಾರು? ಸಂಸದರಾ, ಸದಸ್ಯರಾ?

ಇಬ್ಬರೂ, ಆದರೆ ಬೇರೆ ಬೇರೆ ಹಂತದಲ್ಲಿ. ಕಣಕ್ಕೆ ಇಳಿಯುವುದಕ್ಕೆ ಸಂಸದರ ಬೆಂಬಲ ಬೇಕು. ನಮ್ಮಲ್ಲಿ ನಾಮಪತ್ರಕ್ಕೆ ಸೂಚಕರು ಇರುತ್ತಾರಲ್ಲ, ಆ ಥರ. ಇಲ್ಲಿ ಮಾತ್ರ ಸೂಚಕರು ಸಂಸದರೇ ಆಗಿರಬೇಕು, ಹೆಸರು ಬಹಿರಂಗವಾಗಿ ಗೊತ್ತಾಗುತ್ತದೆ. ಆಮೇಲೆ ಕ್ಷೇತ್ರ ಘಟಕಗಳ ಅಥವಾ ಯೂನಿಯನ್‌ಗಳ ಬೆಂಬಲ ಗಿಟ್ಟಿಸಬೇಕು. ಕೊನೆಗೆ ಉಳಿದವರಲ್ಲಿ ಒಬ್ಬರನ್ನು ಆರಿಸುವುದು ಸದಸ್ಯರು ಮತ್ತು ಪಕ್ಷಕ್ಕೆ ಹೆಸರು ಕೊಟ್ಟ ಯೂನಿಯನ್ ಸದಸ್ಯರು, ತಲೆಗೊಂದು ವೋಟಿನಂತೆ. ಸಂಸದನ ವೋಟಿಗೂ ನನ್ನ ವೋಟಿಗೂ ತೂಕ ಒಂದೇ.

2020ರಲ್ಲಿ ಮತ ಹಾಕುವ ಹಕ್ಕಿದ್ದವರು 7,84,151 ಜನ. ಈ ಸಂಖ್ಯೆಯನ್ನು ಮೇಲಿನ 26 ಲಕ್ಷದ ಪಕ್ಕ ಇಟ್ಟು ನೋಡಿ. ಬಿಟ್ಟುಹೋದವರ ಕೈಯಲ್ಲಿ ಮತಪತ್ರ ಇಲ್ಲ. ಉಳಿದುಕೊಂಡವರ ಕೈಯಲ್ಲಿ ಇದೆ. ಯಾವ ಸೋತ ಪಕ್ಷದಲ್ಲೂ ಇದೇ ಕಷ್ಟ ಅಲ್ವಾ? ಪಕ್ಷದ ಮೇಲೆ ಪ್ರೀತಿ ಕಳೆದುಕೊಳ್ಳದವರೇ ಸೇರಿ, ಪ್ರೀತಿ ಕಳೆದುಕೊಂಡವರಿಗೆ ಯಾರು ಹಿಡಿಸುತ್ತಾರೆ ಎಂದು ನಿರ್ಧರಿಸಬೇಕು. ಆದ್ದರಿಂದ ಯಾರನ್ನು ಆರಿಸುತ್ತಾರೆ ಎಂದು ಕೇಳುವ ಮೊದಲು ಯಾರು ಆರಿಸುತ್ತಿದ್ದಾರೆ ಎಂದು ಕೇಳಿ. ನೂರು ವರ್ಷದಿಂದ ಲೇಬರ್ ಒಳಗೆ ನಡೆದಿರುವ ಜಗಳದಲ್ಲಿ ಅರ್ಧ ಈ ಪ್ರಶ್ನೆಯದ್ದೇ.

ಮೊದಲಿನಿಂದ ಹೀಗೇ ಇತ್ತಾ?

ಇಲ್ಲ. 1981ರವರೆಗೂ ಸಂಸದರೇ ಆರಿಸುತ್ತಿದ್ದರು, ಸದಸ್ಯರಿಗೆ ವೋಟೇ ಇರಲಿಲ್ಲ. ಹಾಗೆ ಆರಿಸಿದ ಕೊನೆಯ ನಾಯಕ ಮೈಕಲ್ ಫುಟ್. 1980ರ ನವೆಂಬರ್‌ನಲ್ಲಿ 139ಕ್ಕೆ 129ರಂತೆ ಡೆನಿಸ್ ಹೀಲಿಯವರನ್ನು ಸೋಲಿಸಿದರು.

ನಾವು ಬೀದಿ ಬೀದಿ ತಿರುಗುತ್ತೇವೆ, ನಾಯಕನನ್ನು ಮಾತ್ರ ಲಂಡನ್ನಿನಲ್ಲಿ ಕೂತವರು ಆರಿಸುತ್ತಾರೆ ಅನ್ನುವ ಸಿಟ್ಟು ಕಾರ್ಯಕರ್ತರಲ್ಲಿ ಬಹಳ ದಿನದಿಂದ ಇತ್ತು. ನ್ಯಾಯವಾದ ಸಿಟ್ಟೇ. 1981ರ ಜನವರಿಯಲ್ಲಿ ವೆಂಬ್ಲಿಯಲ್ಲಿ ವಿಶೇಷ ಸಮಾವೇಶ ಕರೆದು ನಿಯಮ ಬದಲಾಯಿಸಿದರು: ಯೂನಿಯನ್‌ಗಳಿಗೆ 40 ಪಾಲು, ಕ್ಷೇತ್ರ ಘಟಕಗಳಿಗೆ 30, ಸಂಸದರಿಗೆ 30. ಇದನ್ನು ಒಪ್ಪದ ಕೆಲವು ದೊಡ್ಡ ನಾಯಕರು ಹೊರಗೆ ಹೋಗಿ ಎರಡೇ ತಿಂಗಳಲ್ಲಿ ಸೋಶಿಯಲ್ ಡೆಮಾಕ್ರಟಿಕ್ ಪಾರ್ಟಿ ಕಟ್ಟಿದರು. ಅದೇ ಸೆಪ್ಟೆಂಬರ್‌ನಲ್ಲಿ ಉಪನಾಯಕನ ಸ್ಥಾನಕ್ಕೆ ಹೀಲಿ ಮತ್ತು ಎಡಪಂಥದ ಟೋನಿ ಬೆನ್ ನಡುವೆ ಸ್ಪರ್ಧೆ. ಹೀಲಿಗೆ ಶೇ. 50.426, ಬೆನ್‌ಗೆ ಶೇ. 49.574. ಕೂದಲೆಳೆಯ ಅಂತರ. ಪಕ್ಷ ನಟ್ಟನಡುವೆ ಸೀಳಿದಂತಿತ್ತು. 1983ರ ಚುನಾವಣೆಯಲ್ಲಿ ಲೇಬರ್‌ಗೆ ಬಂದದ್ದು ಬರೀ ಶೇ. 27.6 ಮತ, 209 ಸೀಟು. ಹೊರಗೆ ಹೋದವರ ಮೈತ್ರಿಕೂಟ ಶೇ. 25ರಷ್ಟು ಮತ ತಿಂದುಹಾಕಿತ್ತು.

1993ರಲ್ಲಿ ಆಗಿನ ನಾಯಕ ಜಾನ್ ಸ್ಮಿತ್ ಯೂನಿಯನ್, ಸದಸ್ಯರು, ಸಂಸದರು ಮೂವರಿಗೂ ಮೂರನೇ ಒಂದರಂತೆ ಸಮಪಾಲು ಮಾಡಿದರು. ಮರುವರ್ಷ ಮೇ ತಿಂಗಳಲ್ಲಿ ಅವರು ಹಠಾತ್ತನೆ ತೀರಿಕೊಂಡರು. ಅದೇ ನಿಯಮದಡಿ ಟೋನಿ ಬ್ಲೇರ್ ಗೆದ್ದರು, ಮೂರು ವರ್ಷದ ಮೇಲೆ 418 ಸೀಟು ತಂದರು. 2010ರಲ್ಲಿ ಮಿಲಿಬ್ಯಾಂಡ್ ಅಣ್ಣತಮ್ಮಂದಿರ ಪೈಪೋಟಿ. ಅಣ್ಣ ಡೇವಿಡ್ ಸಂಸದರಲ್ಲೂ ಸದಸ್ಯರಲ್ಲೂ ಮುಂದಿದ್ದರು, ಯೂನಿಯನ್ ಪಾಲಿನ ಬಲದಿಂದ ತಮ್ಮ ಎಡ್ ಶೇ. 50.65 ಪಡೆದು ಗೆದ್ದರು. ಗೆದ್ದದ್ದು ನಿಯಮದ ಪ್ರಕಾರವೇ. ಆದರೂ ಯೂನಿಯನ್ನವರು ಕೂರಿಸಿದ ನಾಯಕ ಅನ್ನುವ ಮಾತು ಐದು ವರ್ಷ ಅವರ ಬೆನ್ನು ಬಿಡಲಿಲ್ಲ. ಆ ಎಡ್ ಅವರೇ 2014ರಲ್ಲಿ ಈ ಪಾಲುಗಾರಿಕೆ ತೆಗೆದು ತಲೆಗೊಂದು ವೋಟು ತಂದರು.

ಮೂರು ಪೌಂಡ್ ಕೊಟ್ಟರೆ ವೋಟ್ ಸಿಗುತ್ತಿತ್ತಂತೆ, ನಿಜವಾ?

ನಿಜ, 2015ರಲ್ಲಿ. 2014ರ ಬದಲಾವಣೆಯಲ್ಲಿ ಇನ್ನೊಂದು ಬಾಗಿಲು ತೆರೆದಿದ್ದರು. ಪೂರ್ತಿ ಸದಸ್ಯರಾಗದವರೂ 3 ಪೌಂಡ್ ಕೊಟ್ಟು ಬೆಂಬಲಿಗ ಎಂದು ಹೆಸರು ಬರೆಸಿದರೆ ನಾಯಕನ ಆಯ್ಕೆಯಲ್ಲಿ ಮತ ಹಾಕಬಹುದಿತ್ತು. ಹೊರಗಿನ ಜನರ ಮನಸ್ಸು ಒಳಗೆ ಬರಲಿ ಎಂಬುದು ಉದ್ದೇಶ. ನಾನು ಮೇಲೆ ಹೇಳಿದ ಕಷ್ಟಕ್ಕೆ ಇದು ಒಂದು ಒಳ್ಳೆಯ ಉತ್ತರದ ಹಾಗೆಯೇ ಕಾಣುತ್ತದೆ.

ಬಂದವರು ಬೇರೆ. ಪಕ್ಷ ಕಳೆದುಕೊಂಡಿದ್ದ ಊರುಗಳ ಜನ ಬರಲಿಲ್ಲ, ಪಕ್ಷ ಇನ್ನೂ ಎಡಕ್ಕೆ ಹೋಗಬೇಕು ಎಂದು ಆಸೆಪಟ್ಟವರು ಬಂದರು. ಅವರನ್ನು ತಪ್ಪು ಅನ್ನಲಾರೆ, ಅವರಲ್ಲಿ ಎಷ್ಟೋ ಜನ ಈಗ ನನ್ನ ಸ್ನೇಹಿತರು. ಯುದ್ಧ ಬೇಡ, ಕಾಲೇಜು ಫೀಸ್ ಬೇಡ, ಬಡವರ ಭತ್ಯೆ ಕತ್ತರಿಸಬೇಡಿ ಎಂದು ಮನಸಾರೆ ನಂಬಿದವರು.

ಕಾರ್ಬಿನ್ ಕಣಕ್ಕಿಳಿದದ್ದು ಹೇಗೆ ಎನ್ನುವುದನ್ನೂ ತಿಳಿದುಕೊಳ್ಳಬೇಕು. ಆಗ ಸಂಸದರಲ್ಲಿ ಶೇ. 15 ಅಂದರೆ 35 ಜನರ ಸಹಿ ಬೇಕಿತ್ತು. ಅವರಿಗೆ ಸಿಕ್ಕಿದ್ದು 36, ಅದೂ ಗಡುವು ಮುಗಿಯುವ ಹೊತ್ತಿಗೆ. ಸಹಿ ಹಾಕಿದವರಲ್ಲಿ ಹಲವರಿಗೆ ಅವರು ಗೆಲ್ಲುವುದು ಬೇಕಿರಲಿಲ್ಲ. ಎಡಪಂಥದ ಧ್ವನಿಯೂ ಚರ್ಚೆಯಲ್ಲಿ ಇರಲಿ ಎಂದು ಸುಮ್ನೆ ಔದಾರ್ಯಕ್ಕೆ ಹಾಕಿದ ಸಹಿ. ಸೆಪ್ಟೆಂಬರ್ 12ಕ್ಕೆ ಫಲಿತಾಂಶ ಬಂದಾಗ ನಾಲ್ವರ ಕಣದಲ್ಲಿ ಮೊದಲ ಸುತ್ತಿನಲ್ಲೇ ಅವರಿಗೆ ಶೇ. 59.5. ಸಹಿ ಅನ್ನುವುದು ಔಪಚಾರಿಕ ಕೆಲಸ ಅಲ್ಲ, ಈತ ನಾಳೆ ಪ್ರಧಾನಿ ಆಗಬಲ್ಲ ಎಂದು ಸಂಸದ ಕೊಡುವ ಮಾತು. ಅದನ್ನು ಹಗುರವಾಗಿ ತೆಗೆದುಕೊಂಡದ್ದು ಸಂಸದರ ತಪ್ಪು, ಕಾರ್ಬಿನ್ ಅವರದ್ದಾಗಲಿ ಸದಸ್ಯರದ್ದಾಗಲಿ ಅಲ್ಲ.

ಈ ಬಾಗಿಲು 2016ರಲ್ಲಿ 25 ಪೌಂಡ್ ಆಯಿತು, 2021ರಲ್ಲಿ ಮುಚ್ಚಿಯೇ ಹೋಯಿತು.

ಸಂಸದರು ಒಪ್ಪದ ನಾಯಕ ನಡೆಯಬಲ್ಲನಾ?

ಕಾನೂನಿನ ಪ್ರಕಾರ ನಡೆಯಬಹುದು, ಕೆಲಸದಲ್ಲಿ ಬಹಳ ಕಷ್ಟ. 2016ರ ಜೂನ್‌ನಲ್ಲಿ ಬ್ರೆಕ್ಸಿಟ್ ಜನಮತಗಣನೆ ಆದ ಕೂಡಲೇ ಲೇಬರ್ ಸಂಸದರು ಕಾರ್ಬಿನ್ ಮೇಲೆ ಅವಿಶ್ವಾಸ ಸೂಚಿಸಿದರು, 172ಕ್ಕೆ 40. ಇಂಥ ಮತಕ್ಕೆ ನಿಯಮದಲ್ಲಿ ಬಲ ಇಲ್ಲ, ಅವರು ಇಳಿಯಲಿಲ್ಲ. ಸಂಸದ ಓವನ್ ಸ್ಮಿತ್ ಅವರ ಎದುರು ಸ್ಪರ್ಧೆಗೆ ನಿಂತರು, ಸದಸ್ಯರು ಶೇ. 61.8 ಕೊಟ್ಟು ಕಾರ್ಬಿನ್ ಅವರನ್ನೇ ಮತ್ತೆ ಗೆಲ್ಲಿಸಿದರು. ಮರುವರ್ಷದ ಚುನಾವಣೆಯಲ್ಲಿ ಯಾರೂ ನಿರೀಕ್ಷಿಸದಂತೆ ಶೇ. 40 ಮತ, 262 ಸೀಟು ಬಂತು, ಕನ್ಸರ್ವೇಟಿವ್ ಪ್ರಧಾನಿ ತೆರೇಸಾ ಮೇ ಬಹುಮತ ಕಳೆದುಕೊಂಡರು. ಆದ್ದರಿಂದ ಸದಸ್ಯರ ಆಯ್ಕೆ ಅಂದರೆ ಸೋಲೇ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಮನೆಯೊಳಗೇ ಮುಕ್ಕಾಲು ಪಾಲು ಜನ ನಂಬದ ಯಜಮಾನನನ್ನು ನೆರೆಹೊರೆಯವರು ಎಷ್ಟು ದಿನ ನಂಬುತ್ತಾರೆ?

2020ರ ಆಯ್ಕೆ ಹೇಗೆ ನಡೆಯಿತು? ಸ್ವಲ್ಪ ವಿವರವಾಗಿ ಹೇಳಿ.

ಜನವರಿ ಮೊದಲ ವಾರದಲ್ಲಿ ಶುರು. ಆ ಹೊತ್ತಿಗೆ ಶೇ. 15ರ ಗೆರೆ ಶೇ. 10ಕ್ಕೆ ಇಳಿದಿತ್ತು. ವೆಸ್ಟ್‌ಮಿನ್‌ಸ್ಟರ್ ಅಂದರೆ ಬ್ರಿಟನ್ನಿನ ಸಂಸತ್ತಿನವರು ಮತ್ತು ಯುರೋಪಿಯನ್ ಸಂಸದರು ಸೇರಿ 22 ಸಹಿ ಬೇಕಿತ್ತು. ಕ್ಲೈವ್ ಲೂಯಿಸ್‌ಗೆ ಅಷ್ಟು ಸಿಗಲಿಲ್ಲ, ಹಿಂದೆ ಸರಿದರು. ಐವರು ದಾಟಿದರು: ಕಿಯರ್ ಸ್ಟಾರ್ಮರ್, ರೆಬೆಕಾ ಲಾಂಗ್ ಬೇಲಿ, ಲೀಸಾ ನಂದಿ, ಜೆಸ್ ಫಿಲಿಪ್ಸ್, ಎಮಿಲಿ ಥಾರ್ನ್‌ಬೆರಿ. ಜೆಸ್ ಫಿಲಿಪ್ಸ್ ಎಂಟೇ ದಿನದಲ್ಲಿ ಬಿಟ್ಟುಕೊಟ್ಟರು.

ಎರಡನೇ ಹಂತ ನನಗೆ ಇಷ್ಟ. ಕನಿಷ್ಠ 33 ಕ್ಷೇತ್ರ ಘಟಕಗಳ ಬೆಂಬಲ ಬೇಕು, ಇಲ್ಲದಿದ್ದರೆ ಯೂನಿಯನ್‌ಗಳ ದಾರಿ ಇದೆ. ನಮ್ಮ ಘಟಕದ ಸಭೆ ಒಂದು ಚರ್ಚಿನ ಹಾಲಿನಲ್ಲಿ ನಡೆಯಿತು. ಹೀಟರ್ ಇದ್ದದ್ದು ಒಂದೇ ಮೂಲೆಯಲ್ಲಿ, ಎಲ್ಲರೂ ಕೋಟು ಹಾಕಿಕೊಂಡೇ ಕೂತಿದ್ದರು, ಕೈಯಲ್ಲಿ ಟೀ. ಒಬ್ಬೊಬ್ಬ ಅಭ್ಯರ್ಥಿಯ ಪರ ಇಬ್ಬಿಬ್ಬರು ಎದ್ದು ಎರಡು ನಿಮಿಷ ಮಾತಾಡಬಹುದು, ಆಮೇಲೆ ಚೀಟಿ. ನಿವೃತ್ತ ನರ್ಸ್ ಒಬ್ಬರು, ಕಾಲೇಜು ಹುಡುಗಿ ಒಬ್ಬಳು, ಬಸ್ ಡ್ರೈವರ್ ಒಬ್ಬರು ಮಾತಾಡಿದರು. ಯಾರೂ ಇನ್ನೊಬ್ಬರನ್ನು ಹಳಿಯಲಿಲ್ಲ. ನಾಲ್ಕು ವರ್ಷದ ಜಗಳ ನೋಡಿದ ಮೇಲೆ ಆ ಸಂಜೆ ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಆ ಹಾಲಿನಲ್ಲಿ ಇದ್ದವರೆಲ್ಲ ಡಿಸೆಂಬರ್‌ನಲ್ಲಿ ಲೇಬರ್‌ಗೆ ಹಾಕಿದವರೇ. ಕರಪತ್ರ ಮಡಚಿ ವಾಪಸ್ ಕೊಟ್ಟವರ ಪರವಾಗಿ ಎರಡು ನಿಮಿಷ ಮಾತಾಡುವವರು ಯಾರೂ ಇರಲಿಲ್ಲ.

ಸ್ಟಾರ್ಮರ್‌ಗೆ 374 ಘಟಕ, ಲಾಂಗ್ ಬೇಲಿಗೆ 164, ನಂದಿಗೆ 72. ಥಾರ್ನ್‌ಬೆರಿಗೆ 31 ಸಿಕ್ಕಿ ಎರಡೇ ಎರಡು ಕಮ್ಮಿಯಾಗಿ ಹೊರಬಿದ್ದರು. ಫೆಬ್ರವರಿ ಕೊನೆಯಿಂದ ಏಪ್ರಿಲ್ 2ರವರೆಗೆ ಮತದಾನ, ಹೆಚ್ಚಿನವರು ಆನ್‌ಲೈನ್‌ನಲ್ಲೇ ಹಾಕಿದರು. ನಡುವೆ ಕೊರೋನಾ ಬಂತು. ಸಭೆಗಳು ರದ್ದಾದವು, ಲಂಡನ್ನಿನಲ್ಲಿ ಫಲಿತಾಂಶಕ್ಕೆಂದು ಇಟ್ಟುಕೊಂಡಿದ್ದ ಸಮಾವೇಶವೂ ರದ್ದಾಯಿತು.

ಕೊನೆಯ ಲೆಕ್ಕ: ಸ್ಟಾರ್ಮರ್ ಶೇ. 56.2, ಲಾಂಗ್ ಬೇಲಿ ಶೇ. 27.6, ನಂದಿ ಶೇ. 16.2. ಸುಮಾರು 4.9 ಲಕ್ಷ ಜನ ಮತ ಹಾಕಿದ್ದರು.

ಎಣಿಕೆ ಹೇಗೆ?

ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಹಾಗೆ, ಪ್ರಾಶಸ್ತ್ಯದ ಮತ. 1, 2, 3 ಎಂದು ಗುರುತು ಮಾಡಬೇಕು. ಮೊದಲ ಪ್ರಾಶಸ್ತ್ಯದಲ್ಲೇ ಯಾರಿಗಾದರೂ ಅರ್ಧಕ್ಕಿಂತ ಜಾಸ್ತಿ ಬಂದರೆ ಮುಗಿಯಿತು. ಇಲ್ಲವಾದರೆ ಕೊನೆಯಲ್ಲಿರುವವರನ್ನು ತೆಗೆದು ಅವರ ಮತಗಳನ್ನು ಎರಡನೇ ಪ್ರಾಶಸ್ತ್ಯದ ಪ್ರಕಾರ ಹಂಚುತ್ತಾರೆ.

ಯೂನಿಯನ್‌ಗಳಿಗೆ ಯಾಕೆ ಇಷ್ಟು ಮಾತು?

ಪಕ್ಷ ಹುಟ್ಟಿದ್ದೇ ಅವರಿಂದ, 1900ರಲ್ಲಿ. ಸಂಸತ್ತಿನಲ್ಲಿ ದುಡಿಯುವವರ ಪರ ಮಾತಾಡುವವರು ಬೇಕು ಎಂದು ಕಾರ್ಮಿಕ ಸಂಘಗಳು ಸಮಾಜವಾದಿ ಗುಂಪುಗಳ ಜೊತೆ ಸೇರಿ ಕಟ್ಟಿದ ಪಕ್ಷ. ಈಗ ಯೂನಿಯನ್ ನಾಯಕರ ಕೈಯಲ್ಲಿ ಎಲ್ಲ ಸದಸ್ಯರ ಪರ ಒಟ್ಟಿಗೆ ಹಾಕುವ ಗಂಟು ಮತ ಇಲ್ಲ, ಸದಸ್ಯ ತಾನೇ ಹೆಸರು ಕೊಟ್ಟು ತಾನೇ ಹಾಕಬೇಕು. ಆದರೂ ಯೂನಿಯನ್ ಬೆಂಬಲ ಅಂದರೆ ದುಡ್ಡು, ಫೋನ್ ಮಾಡುವ ಕೈಗಳು, ಕಣದಲ್ಲಿ ಉಳಿಯುವ ದಾರಿ. 2020ರಲ್ಲಿ ಯೂನಿಸನ್ ಸ್ಟಾರ್ಮರ್ ಕಡೆ, ಯುನೈಟ್ ಲಾಂಗ್ ಬೇಲಿ ಕಡೆ, ಜಿಎಂಬಿ ನಂದಿ ಕಡೆ ನಿಂತವು. ಆಸ್ಪತ್ರೆ ಕಸ ಗುಡಿಸುವವರು, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವರು ಪಕ್ಷದ ಒಳಗೆ ಮಾತಾಡುವುದಕ್ಕೆ ಇದೊಂದೇ ಗಟ್ಟಿ ಕೊಂಡಿ ಉಳಿದಿರುವುದು. ಅದನ್ನು ಕತ್ತರಿಸಬೇಕು ಅನ್ನುವವರ ಜೊತೆ ನಾನಿಲ್ಲ.

ಸೋತ ಮೇಲೆ ಹೊಸ ನಾಯಕನಲ್ಲಿ ಏನು ನೋಡಬೇಕು? ಭಾಷಣವಾ, ಸಿದ್ಧಾಂತವಾ?

ಇದಕ್ಕೆ ನಾನು ಯಾವಾಗಲೂ ಕ್ಲೆಮೆಂಟ್ ಆಟ್ಲಿಯ ಕಥೆ ಹೇಳುತ್ತೇನೆ. ಭಾರತಕ್ಕೆ ಸ್ವಾತಂತ್ರ್ಯ ಬಂದಾಗ ಬ್ರಿಟನ್ನಿನ ಪ್ರಧಾನಿಯಾಗಿದ್ದವರು, ಅಷ್ಟು ನಮಗೆಲ್ಲ ಶಾಲೆಯಿಂದಲೇ ಗೊತ್ತು. ಅವರು ನಾಯಕ ಆದದ್ದು ಹೇಗೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

1931ರಲ್ಲಿ ಲೇಬರ್ ನುಚ್ಚುನೂರಾಯಿತು. ಪ್ರಧಾನಿಯಾಗಿದ್ದ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರೇ ಎದುರಾಳಿಗಳ ಜೊತೆ ಸೇರಿ ಸರ್ಕಾರ ಮಾಡಿದ್ದರು. 287 ಇದ್ದ ಸೀಟು 52ಕ್ಕೆ ಬಂತು, ದೊಡ್ಡ ದೊಡ್ಡ ಹೆಸರುಗಳೆಲ್ಲ ಸೋತವು. ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಆಟ್ಲಿ ಗೆದ್ದದ್ದು ಬರೀ 551 ಮತದಿಂದ. ಹೀಗೆ ಉಳಿದುಕೊಂಡ ಕೆಲವೇ ಅನುಭವಿಗಳಲ್ಲಿ ಒಬ್ಬರು ಎಂಬ ಕಾರಣಕ್ಕೆ ಉಪನಾಯಕರಾದರು. ಮಾತುಗಾರರಲ್ಲ, ಚಿಕ್ಕ ಆಳು, ಸಭೆಯಲ್ಲಿ ಕಣ್ಣಿಗೆ ಬೀಳುವವರಲ್ಲ. 1935ರಲ್ಲಿ ಹರ್ಬರ್ಟ್ ಮಾರಿಸನ್ ಎದುರು ಕೊನೆಯ ಸುತ್ತಿನಲ್ಲಿ 88ಕ್ಕೆ 48ರಂತೆ ಗೆದ್ದಾಗ, ಇವರು ತಾತ್ಕಾಲಿಕ ಅಂತಲೇ ಹಲವರು ಅಂದುಕೊಂಡಿದ್ದರು. ಇಪ್ಪತ್ತು ವರ್ಷ ಉಳಿದರು. 1945ರಲ್ಲಿ 393 ಸೀಟು ತಂದರು, ಉಚಿತ ಆಸ್ಪತ್ರೆ ವ್ಯವಸ್ಥೆ ಕಟ್ಟಿದರು.

ಆಟ್ಲಿ ಲಂಡನ್ನಿನ ಪೂರ್ವ ಭಾಗದ ಬಡ ಕೇರಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಜನ ಹೇಗೆ ಬದುಕುತ್ತಾರೆ ಎಂದು ಪುಸ್ತಕ ನೋಡಿ ತಿಳಿದುಕೊಳ್ಳಬೇಕಿರಲಿಲ್ಲ. ನಾನು ನೋಡುವುದು ಅದನ್ನೇ: ನಮ್ಮನ್ನು ಬಿಟ್ಟುಹೋದವರ ಅಡುಗೆಮನೆಯಲ್ಲಿ ಈ ಮನುಷ್ಯ ಅರ್ಧ ಗಂಟೆ ಕೂತರೆ ಏನು ಮಾತಾಡುತ್ತಾನೆ? ಉಪದೇಶ ಮಾಡುತ್ತಾನಾ, ಕೇಳಿಸಿಕೊಳ್ಳುತ್ತಾನಾ? ಎರಡನೆಯದು ಜೊತೆಯಲ್ಲಿ ಕೆಲಸ ಮಾಡುವವರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ. ಭಾಷಣ ಆಮೇಲೆ.

ಆಯ್ಕೆಯ ಹೊತ್ತಿನಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳಲೇಬೇಕಾ?

ನನ್ನ ಮಟ್ಟಿಗೆ ಹೌದು, ಇಲ್ಲವಾದರೆ ಕೊಡಬಾರದು. ಸ್ಟಾರ್ಮರ್ 2020ರಲ್ಲಿ ಹತ್ತು ವಾಗ್ದಾನ ಕೊಟ್ಟರು. ರೈಲು, ಅಂಚೆ, ವಿದ್ಯುತ್, ನೀರು ಸಾರ್ವಜನಿಕ ಒಡೆತನಕ್ಕೆ ಬರಬೇಕು, ವಿಶ್ವವಿದ್ಯಾಲಯದ ಫೀಸ್ ರದ್ದಾಗಬೇಕು, ಜಾಸ್ತಿ ಸಂಪಾದಿಸುವ ಶೇ. 5 ಜನರ ಆದಾಯ ತೆರಿಗೆ ಏರಬೇಕು, ಹೀಗೆ. ರೈಲಿನ ಮಾತು ಉಳಿಯಿತು. ಫೀಸಿನ ಮಾತು 2023ರಲ್ಲಿ ಕೈಬಿಟ್ಟರು, ನೀರು ಮತ್ತು ವಿದ್ಯುತ್ತಿನ ಮಾತೂ ಹೋಯಿತು. ದೇಶದ ಆರ್ಥಿಕ ಸ್ಥಿತಿ ಬದಲಾಯಿತು ಎನ್ನುವುದು ಅವರ ವಾದ, ಅದರಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆ ಹತ್ತು ಮಾತು ನೋಡಿಯೇ ವೋಟು ಹಾಕಿದ ಎಷ್ಟೋ ಹುಡುಗರು ಪಕ್ಷ ಬಿಟ್ಟುಹೋದರು, ಅವರ ಜಾಗದಲ್ಲಿ ಕರಪತ್ರ ಹಂಚುವುದಕ್ಕೆ ಜನ ಸಿಗುತ್ತಿಲ್ಲ.

ಬಾಗಿಲಲ್ಲಿ ನಾನು ಅತಿ ಹೆಚ್ಚು ಸಲ ಕೇಳುವ ಮಾತು ನೀವೆಲ್ಲ ಒಂದೇ, ಹೇಳುವುದೊಂದು ಮಾಡುವುದೊಂದು ಅನ್ನುವುದು. ಎಡ, ಬಲ ಯಾವುದೂ ಆ ಬಾಗಿಲ ಹತ್ತಿರ ಬರುವುದಿಲ್ಲ.

ಆದರೂ 2024ರಲ್ಲಿ ಭರ್ಜರಿಯಾಗಿ ಗೆದ್ದರಲ್ಲ?

411 ಸೀಟು ಬಂತು, ಸಂತೋಷಪಟ್ಟೆ. ಬೆಳಗಿನ ಜಾವದವರೆಗೂ ಟಿವಿ ಮುಂದೆ ಕೂತಿದ್ದೆ. ಮತ ಮಾತ್ರ ಶೇ. 33.7, ಅಂದರೆ ಸುಮಾರು 97 ಲಕ್ಷ. ಸೋತ 2019ರಲ್ಲಿ ಬಂದದ್ದಕ್ಕಿಂತಲೂ ಕಮ್ಮಿ! ಕನ್ಸರ್ವೇಟಿವ್ ಪಕ್ಷ ಕುಸಿಯಿತು, ಬಲಪಂಥದ ರಿಫಾರ್ಮ್ ಪಕ್ಷ ಅವರ ಮತ ಒಡೆಯಿತು, ನಾವು ನಡುವಿನಿಂದ ದಾಟಿಬಿಟ್ಟೆವು. ಬಿಟ್ಟುಹೋದವರು ಪೂರ್ತಿ ವಾಪಸ್ ಬಂದಿರಲಿಲ್ಲ. 2025ರ ಮೇ ತಿಂಗಳಲ್ಲಿ ರನ್‌ಕಾರ್ನ್ ಉಪಚುನಾವಣೆಯನ್ನು ರಿಫಾರ್ಮ್ ಎದುರು ಬರೀ 6 ಮತದಿಂದ ಸೋತಾಗ ಅದು ಎಲ್ಲರಿಗೂ ಕಂಡಿತು.

ಅಧಿಕಾರದಲ್ಲಿರುವಾಗಲೂ ನಾಯಕನನ್ನು ಬದಲಾಯಿಸಬಹುದಾ?

ಬದಲಾಯಿಸಬಹುದು, ಆಗ ಪ್ರಧಾನಿಯೇ ಬದಲಾಗುತ್ತಾರೆ. 1976ರಲ್ಲಿ ಹೆರಾಲ್ಡ್ ವಿಲ್ಸನ್ ಇಳಿದಾಗ ಜೇಮ್ಸ್ ಕ್ಯಾಲಹನ್, 2007ರಲ್ಲಿ ಬ್ಲೇರ್ ಇಳಿದಾಗ ಗಾರ್ಡನ್ ಬ್ರೌನ್. ಬ್ರೌನ್ ವಿರುದ್ಧ ಯಾರಿಗೂ ಸಾಕಷ್ಟು ಸಹಿ ಸಿಗಲಿಲ್ಲ, ಅವಿರೋಧ ಆಯ್ಕೆ. ಆಗ ಒಂದು ಸ್ಪರ್ಧೆ ನಡೆದು ನಾಲ್ಕು ಪ್ರಶ್ನೆ ಎದುರಿಸಿದ್ದರೆ ಅವರಿಗೂ ಒಳ್ಳೆಯದಾಗುತ್ತಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ನಾಯಕ ತಾನಾಗಿ ಇಳಿಯದಿದ್ದರೆ ಸವಾಲು ಹಾಕುವವರು ಬಹಿರಂಗವಾಗಿ ಸಹಿ ಕೂಡಿಸಬೇಕು. 2021ರ ಬ್ರೈಟನ್ ಸಮಾವೇಶದಲ್ಲಿ, ಸ್ಥಾನ ಖಾಲಿಯಾದಾಗ ಬೇಕಾಗುವ ಸಹಿಯ ಗೆರೆಯನ್ನೂ ಸಂಸದರ ಶೇ. 20ಕ್ಕೆ ಏರಿಸಿದರು. 2025ರಲ್ಲಿ ಏಂಜೆಲಾ ರೇನರ್ ರಾಜೀನಾಮೆ ಕೊಟ್ಟು ಉಪನಾಯಕನ ಸ್ಥಾನ ಖಾಲಿಯಾದಾಗ ಇದೇ ಲೆಕ್ಕದಲ್ಲಿ 80 ಸಹಿ ಬೇಕಾಯಿತು, ಇಬ್ಬರೇ ದಾಟಿದರು. ಲೂಸಿ ಪವೆಲ್ ಅವರು ಬ್ರಿಜೆಟ್ ಫಿಲಿಪ್ಸನ್ ಅವರನ್ನು ಸೋಲಿಸಿದರು. ಹಕ್ಕಿದ್ದ ಆರು ಜನರಲ್ಲಿ ಒಬ್ಬರಷ್ಟೇ ಮತ ಹಾಕಿದ್ದು. ಗೆರೆ ತೀರಾ ಕೆಳಗಿದ್ದರೆ ಔದಾರ್ಯದ ಸಹಿ, ತೀರಾ ಮೇಲಿದ್ದರೆ ಸದಸ್ಯರಿಗೆ ಆಯ್ಕೆಯೇ ಇಲ್ಲ. ಶೇ. 15 ಸರಿಯಿತ್ತು ಎಂಬುದು ನನ್ನ ಅಭಿಪ್ರಾಯ.

ಒಬ್ಬ ಮಹಿಳೆಯೂ ಯಾಕೆ ಪೂರ್ಣ ನಾಯಕಿ ಆಗಿಲ್ಲ?

ಒಳ್ಳೆಯ ಉತ್ತರ ಇಲ್ಲ, ಬೇಸರ ಇದೆ. ಮಾರ್ಗರೆಟ್ ಬೆಕೆಟ್, ಹ್ಯಾರಿಯೆಟ್ ಹಾರ್ಮನ್ ಇಬ್ಬರೂ ಹಂಗಾಮಿಯಾಗಿ ನಡೆಸಿದರು, ಚೆನ್ನಾಗಿಯೇ ನಡೆಸಿದರು. ಅತ್ತ ಕನ್ಸರ್ವೇಟಿವ್ ಪಕ್ಷದಲ್ಲಿ ಥ್ಯಾಚರ್, ಮೇ, ಟ್ರಸ್, ಬೇಡನಾಕ್ ನಾಲ್ವರು ಆಗಿಹೋದರು. 2020ರಲ್ಲಿ ಕೊನೆಯ ಮೂವರಲ್ಲಿ ಇಬ್ಬರು ಹೆಂಗಸರು, ಗೆದ್ದದ್ದು ಗಂಡಸು.

ನನ್ನದು ಭಾರತದ ಪಾಸ್‌ಪೋರ್ಟ್. ನಾನು ಸೇರಬಹುದಾ? ವೋಟ್ ಇದೆಯಾ?

ಇದನ್ನು ಹೊಸಬರು ಅತಿ ಹೆಚ್ಚು ಕೇಳುತ್ತಾರೆ. ಎರಡಕ್ಕೂ ದಾರಿ ಇದೆ. ಭಾರತ ಕಾಮನ್‌ವೆಲ್ತ್ ದೇಶ, ಆದ್ದರಿಂದ ಬ್ರಿಟನ್ನಿನಲ್ಲಿ ಸರಿಯಾದ ವೀಸಾ ಮೇಲೆ ವಾಸವಾಗಿರುವ ಭಾರತೀಯರು ಮತದಾರರ ಪಟ್ಟಿಗೆ ಹೆಸರು ಸೇರಿಸಿ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಪಕ್ಷಕ್ಕೆ ಸೇರಲು ಬ್ರಿಟಿಷ್ ಪೌರತ್ವವೇ ಬೇಕೆಂದಿಲ್ಲ, ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲಿ ನೆಲೆಸಿರಬೇಕು. ಆದರೆ ನಾಯಕನ ಆಯ್ಕೆ ಘೋಷಣೆಯಾದ ಮೇಲೆ ಓಡಿಹೋಗಿ ಸೇರಿದರೆ ಪ್ರಯೋಜನ ಇಲ್ಲ, ಈಗ ಆರು ತಿಂಗಳ ಮೊದಲೇ ಸದಸ್ಯರಾಗಿರಬೇಕು.

ನಮ್ಮವರು ಈ ಪಕ್ಷದಲ್ಲಿ ಮೇಲಕ್ಕೂ ಹೋಗಿದ್ದಾರೆ. ಕಲಬುರಗಿಯ ಕಡೆಯವರಾದ ನೀರಜ್ ಪಾಟೀಲ್ ಲೇಬರ್ ಕೌನ್ಸಿಲರ್ ಆಗಿ, ಲಂಡನ್ನಿನ ಲ್ಯಾಂಬೆತ್‌ಗೆ ಮೇಯರ್ ಆದರು. ಥೇಮ್ಸ್ ದಂಡೆಯ ಬಸವೇಶ್ವರ ಪ್ರತಿಮೆಯ ಹಿಂದೆ ಅವರ ಶ್ರಮ ಇದೆ.

ಕಾಶ್ಮೀರದ ವಿಷಯಕ್ಕೆ ನಮ್ಮವರು ಲೇಬರ್ ಬಿಟ್ಟರಂತಲ್ಲ?

ಬಿಟ್ಟವರು ಇದ್ದಾರೆ. 2019ರ ಸೆಪ್ಟೆಂಬರ್ ಸಮಾವೇಶದಲ್ಲಿ ಕಾಶ್ಮೀರದ ವಿಷಯದಲ್ಲಿ ಹೊರದೇಶಗಳು ಮಧ್ಯಪ್ರವೇಶಿಸಬೇಕು ಎಂಬ ಒಂದು ನಿರ್ಣಯ ಪಾಸಾಯಿತು, ಭಾರತೀಯ ಮೂಲದವರಲ್ಲಿ ಬಹಳ ಜನ ಸಿಟ್ಟಾದರು. ಆ ಡಿಸೆಂಬರ್‌ನ ಚುನಾವಣೆಯಲ್ಲಿ ನನ್ನ ವಾಟ್ಸಾಪ್ ತುಂಬಾ ಅದೇ. ಸ್ಟಾರ್ಮರ್ ನಾಯಕರಾದ ತಿಂಗಳೊಳಗೆ ಅದು ಭಾರತ ಮತ್ತು ಪಾಕಿಸ್ತಾನ ಮಾತಾಡಿ ಬಗೆಹರಿಸಿಕೊಳ್ಳಬೇಕಾದ ವಿಷಯ ಎಂದು ಸ್ಪಷ್ಟಪಡಿಸಿದರು. ಗಾಯ ಅಷ್ಟು ಬೇಗ ಮಾಯಲಿಲ್ಲ. 2024ರಲ್ಲಿ ದೇಶವಿಡೀ ಲೇಬರ್ ಗೆಲ್ಲುತ್ತಿದ್ದಾಗ, ಭಾರತೀಯ ಮೂಲದವರು ತುಂಬಾ ಇರುವ ಲೆಸ್ಟರ್ ಈಸ್ಟ್ ಕ್ಷೇತ್ರ ಕನ್ಸರ್ವೇಟಿವ್ ಪಾಲಾಯಿತು. ಆ ಪಕ್ಷ ಅವತ್ತು ಹೊಸದಾಗಿ ಗೆದ್ದ ಕ್ಷೇತ್ರ ಅದೊಂದೇ. ಅಲ್ಲಿನ ಒಳಜಗಳವೂ ಇದಕ್ಕೆ ಕಾರಣ, ಎಲ್ಲವನ್ನೂ ಕಾಶ್ಮೀರದ ತಲೆಗೆ ಕಟ್ಟಬಾರದು.

ನಮ್ಮ ಕಾಂಗ್ರೆಸ್‌ಗೂ ಇದಕ್ಕೂ ಏನು ವ್ಯತ್ಯಾಸ?

ಊರಲ್ಲಿ ಮಾವ ತಪ್ಪದೆ ಕೇಳುವ ಪ್ರಶ್ನೆ. 2022ರ ಅಕ್ಟೋಬರ್‌ನಲ್ಲಿ ನಮ್ಮ ಮಲ್ಲಿಕಾರ್ಜುನ ಖರ್ಗೆಯವರು ಶಶಿ ತರೂರ್ ಅವರನ್ನು 7,897ಕ್ಕೆ 1,072ರಂತೆ ಸೋಲಿಸಿ ಅಧ್ಯಕ್ಷರಾದರು. ಅಲ್ಲಿ ಮತ ಹಾಕಿದ್ದು ಡೆಲಿಗೇಟ್‌ಗಳು, ದೇಶಕ್ಕೆಲ್ಲ ಸೇರಿ ಹತ್ತು ಸಾವಿರದೊಳಗೆ. ಇಲ್ಲಿ ಲಕ್ಷಗಟ್ಟಲೆ ಸದಸ್ಯರು. ಇನ್ನೊಂದು ವ್ಯತ್ಯಾಸ: ಲೇಬರ್‌ನಲ್ಲಿ ಪಕ್ಷದ ನಾಯಕ ಅಂದರೆ ಪ್ರಧಾನಿ ಅಭ್ಯರ್ಥಿ, ಎರಡು ಬೇರೆ ಅಲ್ಲ. ನಮ್ಮಲ್ಲಿ ಅಧ್ಯಕ್ಷರೇ ಬೇರೆ, ಜನ ಮುಖ ನೋಡಿ ವೋಟು ಹಾಕುವವರೇ ಬೇರೆ. ಚರ್ಚಿನ ಹಾಲಿನಲ್ಲಿ ಟೀ ಕುಡಿಯುತ್ತ ನಮ್ಮ ಘಟಕ ಯಾರ ಪರ ಎಂದು ಚೀಟಿ ಹಾಕಿದ ಆ ಸಂಜೆ ಚನ್ನರಾಯಪಟ್ಟಣದ, ಸಿಂಧನೂರಿನ ಕಾರ್ಯಕರ್ತನಿಗೂ ಸಿಗಬೇಕು ಎಂಬ ಆಸೆ ನನಗಿದೆ, ಯಾವ ಪಕ್ಷವಾದರೂ ಸರಿ.

ಕೊನೆಗೆ ನೀವು ಯಾರಿಗೆ ಹಾಕಿದಿರಿ?

ಮುಚ್ಚಿಡುವುದೇನಿಲ್ಲ. ಮೊದಲ ಪ್ರಾಶಸ್ತ್ಯ ಲೀಸಾ ನಂದಿ, ಎರಡನೆಯದು ಸ್ಟಾರ್ಮರ್. ನಂದಿ ವಿಗನ್ ಕ್ಷೇತ್ರದವರು, ತಂದೆ ಕೋಲ್ಕತ್ತದಿಂದ ಬಂದವರು. ಆದರೆ ನಾನು ಹಾಕಿದ್ದು ಅದಕ್ಕಲ್ಲ. ಬಸ್ಸು ನಿಂತುಹೋದ, ಅಂಗಡಿ ಮುಚ್ಚಿದ, ಮಕ್ಕಳೆಲ್ಲ ದೊಡ್ಡ ನಗರಕ್ಕೆ ಹೋಗಿ ಅಪ್ಪ ಅಮ್ಮ ಮಾತ್ರ ಉಳಿದ ಸಣ್ಣ ಊರುಗಳ ಬಗ್ಗೆ ಸೋಲಿಗೆ ಮುಂಚಿನಿಂದಲೂ ಮಾತಾಡುತ್ತಿದ್ದವರು ಅವರು. ನಮ್ಮೂರು ಅಂಥದ್ದೇ. ನಮ್ಮ ಹಾಸನದ ಕಡೆಯ ಹಳ್ಳಿಯೂ ಈಗ ಅಂಥದ್ದೇ.

ಏಪ್ರಿಲ್ 4, ಶನಿವಾರ ಬೆಳಿಗ್ಗೆ. ಲಾಕ್‌ಡೌನ್, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹಾಲು ಕಾಯಿಸುತ್ತ ನಿಂತಿದ್ದಾಗ ಫೋನಿಗೆ ಪಕ್ಷದ ಈಮೇಲ್ ಬಂತು. ಸಮಾವೇಶ ಇಲ್ಲ, ಚಪ್ಪಾಳೆ ಇಲ್ಲ, ಹೊಸ ನಾಯಕನ ಭಾಷಣವೂ ಮೊದಲೇ ಚಿತ್ರೀಕರಿಸಿಟ್ಟ ವಿಡಿಯೋ. ಸ್ಟಾರ್ಮರ್ ಮೊದಲ ಸುತ್ತಿನಲ್ಲೇ ಅರ್ಧ ದಾಟಿದ್ದರು, ನನ್ನ ಎರಡನೇ ಪ್ರಾಶಸ್ತ್ಯ ಎಣಿಕೆಗೇ ಬರಲಿಲ್ಲ. ಅವತ್ತು ಮಧ್ಯಾಹ್ನ ನಮ್ಮ ಘಟಕದವರು ಒಂಟಿಯಾಗಿರುವ ವೃದ್ಧರಿಗೆ ದಿನಸಿ ತಲುಪಿಸುತ್ತಿದ್ದರು. ನನ್ನ ಪಟ್ಟಿಯಲ್ಲಿ ಡಿಸೆಂಬರ್‌ನಲ್ಲಿ ಕರಪತ್ರ ವಾಪಸ್ ಕೊಟ್ಟವರ ಬೀದಿಯೂ ಇತ್ತು. ಚೀಲ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದು ನಿಂತೆ, ಅವರು ಬಾಗಿಲು ತೆರೆದು ಕೈ ಎತ್ತಿದರು.